ಆ ಅರ್ಧ ಗಂಟೆ ಕೂತಿರಿ

ನಮಸ್ಕಾರ. ಇವತ್ತು ಸೂಜಿಯ ವಿಷಯ. ಸೂಜಿ ಅಂದ ಕೂಡಲೇ ಮುಖ ತಿರುಗಿಸುವವರೂ ಸ್ವಲ್ಪ ಹೊತ್ತು ಇರಿ.

ನಮ್ಮಮ್ಮ ದಿನಾ ತಿಂಡಿಗೆ ಮುಂಚೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಕಾವಲಿ ಕಾಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಹಾಗಿರುವಾಗ ಉಬ್ಬಸದವರು, ಅಲರ್ಜಿಯವರು ಮಾತ್ರ ಪ್ರತಿ ಸಲ ಕ್ಲಿನಿಕ್‌ಗೆ ಯಾಕೆ ಓಡಬೇಕು? ಟ್ರಾಫಿಕ್ ಹೊಗೆ ಕುಡಿದುಕೊಂಡು ಹೋಗಿ ಉಬ್ಬಸಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವುದು ತಮಾಷೆಯೇ, ಅಲ್ವಾ?

ಆದರೆ ‘ಅಲರ್ಜಿ ಇಂಜೆಕ್ಷನ್’ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಬೇರೆ ಮದ್ದುಗಳನ್ನು.

ಒಮಾಲಿಝುಮ್ಯಾಬ್ ಒಂದು ಥರ. ಮೈಯಲ್ಲಿ ಅಲರ್ಜಿ ಕೆರಳಿಸುವ ಐಜಿಇ ಅನ್ನುವ ಪ್ರೋಟೀನನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ ಇದಕ್ಕೆ 2003ರಲ್ಲೇ ಒಪ್ಪಿಗೆ ಸಿಕ್ಕಿತು. ಮನೆಯಲ್ಲಿ ಚುಚ್ಚಿಕೊಳ್ಳಲು ಮಾತ್ರ 2021ರವರೆಗೆ ಕಾಯಬೇಕಾಯಿತು. ಅಪರೂಪಕ್ಕೆ ಈ ಮದ್ದೇ ಒಗ್ಗದೆ ಗಂಟಲು ಬಿಗಿದು, ಬಿಪಿ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೇ ಮೊದಲ 3 ಡೋಸ್ ವೈದ್ಯರ ಕಣ್ಣೆದುರೇ ಆಗಬೇಕು. ಅವು ಸಲೀಸಾಗಿ ಹೋಗಿ, ವೈದ್ಯರೂ ಒಪ್ಪಿದರೆ ನನ್ನ ಓಟು ಮನೆಗೇ. ತೊಡೆಗೆ, ಇಲ್ಲವೇ ಹೊಕ್ಕುಳಿಂದ ಎರಡು ಇಂಚು ಬಿಟ್ಟು ಹೊಟ್ಟೆಗೆ ಚುಚ್ಚಿಕೊಂಡರಾಯಿತು. ವರ್ಷ ಕಳೆದ ಮೇಲೂ ರಿಯಾಕ್ಷನ್ ಆದದ್ದುಂಟು, ಹಾಗಾಗಿ ಒಬ್ಬರೇ ಇರುವಾಗ ಬೇಡ. ಹಾಂ, ಸೂಜಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಇನ್ನೊಂದು, ಮೈ ಒಗ್ಗಿಕೊಳ್ಳಲಿ ಅಂತ ನಿಮಗೆ ಆಗಿಬರದ ವಸ್ತುವನ್ನೇ ಚೂರು ಚೂರಾಗಿ ಮೈಗೆ ಹೊಗಿಸುವ ಇಂಜೆಕ್ಷನ್. 1911ರಲ್ಲಿ ಲಂಡನ್‌ನಲ್ಲಿ ಲಿಯೊನಾರ್ಡ್ ನೂನ್ ಅನ್ನುವ ವೈದ್ಯರು ಹುಲ್ಲಿನ ಪರಾಗದಿಂದ ಇದನ್ನು ಮಾಡಿ ತೋರಿಸಿದರು. ಇಲ್ಲಿ ನಾನು ಪೂರಾ ಕ್ಲಿನಿಕ್ ಪಕ್ಷ. ಡೋಸ್ ಏರುತ್ತಾ ಹೋಗುತ್ತದೆ. ಉಬ್ಬಸ ಹತೋಟಿಯಲ್ಲಿ ಇಲ್ಲದ ದಿನ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಕ್ಲಿನಿಕ್‌ನಲ್ಲಿ ಸೂಜಿ ಎತ್ತುವ ಮುಂಚೆ ಸಿಸ್ಟರ್ ಕೇಳುತ್ತಾರೆ, ‘ಇವತ್ತು ದಮ್ಮು ಇದೆಯಾ?’ ಮನೆಯಲ್ಲಿ ಯಾರು ಕೇಳುತ್ತಾರೆ? ನಮ್ಮನ್ನು ನಾವೇ ಕೇಳಿಕೊಂಡರೆ ಉತ್ತರ ಗೊತ್ತೇ ಇದೆ. ‘ಏ, ಸ್ವಲ್ಪ ಅಷ್ಟೇ, ನಡೆಯುತ್ತೆ.’ ಆಮೇಲೆ ರಿಯಾಕ್ಷನ್‌ಗೆ ಕೊಡುವ ತುರ್ತು ಮದ್ದು ಅಡ್ರಿನಲಿನ್ ಹುಡುಕಿಕೊಂಡು ಆಟೋ ಹಿಡಿಯುವಷ್ಟು ಸಮಯ ಇರುವುದಿಲ್ಲ.

ಚುಚ್ಚಿಸಿಕೊಂಡ ಮೇಲೆ 30 ನಿಮಿಷ ಅಲ್ಲೇ ಕೂರಿಸುವುದು ಇದಕ್ಕೇ. ಗಂಭೀರ ರಿಯಾಕ್ಷನ್‌ಗಳು ಜಾಸ್ತಿ ಶುರುವಾಗುವುದು ಆ ಹೊತ್ತಿನಲ್ಲೇ. ಪಾರ್ಕಿಂಗ್ ನೆಪ ಹೇಳಿ ಹತ್ತೇ ನಿಮಿಷಕ್ಕೆ ಏಳುವವರೇ, ಕೂತಿರಿ. ಬೇಜಾರಾದರೆ ನಮ್ಮ ಹಳೇ ಎಪಿಸೋಡ್ ಹಾಕಿಕೊಳ್ಳಿ, ಒಂದೊಂದೂ ಅರ್ಧ ಗಂಟೆ ಎಳೆದಿದ್ದೇನೆ.