ಫ್ರಾಂಕ್‌ಫರ್ಟ್‌ನ ಬೀಟ್, ಪಿಟ್ಸ್‌ಬರ್ಗ್‌ನ ದನಿ

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ, ಟರ್ಮಿನಲ್ 1. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಬರುವವರು ಇಳಿಯುವುದು ಇಲ್ಲೇ. ನಿದ್ದೆಗಣ್ಣಲ್ಲಿ ಟ್ರಾಲಿ ತಳ್ಳಿಕೊಂಡು ಹೊರಟುಬಿಡುತ್ತೇವೆ, ಅಲ್ವಾ? ಇದೇ ಕಟ್ಟಡದ ಸಿ ಹಾಲ್‌ನಲ್ಲಿ 1978ರಿಂದ 2000ದ ಕೊನೆಯವರೆಗೆ ಡೋರಿಯನ್ ಗ್ರೇ ಅಂತ ಒಂದು ಡಿಸ್ಕೊ ಇತ್ತು. ವಿಮಾನ ನಿಲ್ದಾಣದ ಒಳಗೇ! ಈ ಊರಿನ ಟೆಕ್ನೊ, ಅಂದರೆ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ, ಬೆಳೆದ ಜಾಗಗಳಲ್ಲಿ ಇದೂ ಒಂದು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಬೀಟ್‌ಗೆ ಮಾತು ಕೊಟ್ಟವರ ಬಗ್ಗೆ, ಅಂದರೆ ಇಲ್ಲಿಗೆ ಬಂದು ರ‍್ಯಾಪ್ ಮಾಡಿದ (ತಾಳಕ್ಕೆ ಸರಿಯಾಗಿ ಮಾತು ಹೇಳಿದ) ಅಮೆರಿಕನ್ನರ ಬಗ್ಗೆ.

ಈಗ ನೀವು ನೋಡುತ್ತಿರುವ ದೊಡ್ಡ ಕಟ್ಟಡ ಐಜಿ ಫಾರ್ಬೆನ್ ಹೌಸ್. ಈಗ ಗೋಥೆ ವಿಶ್ವವಿದ್ಯಾಲಯ ಇಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1995ರವರೆಗೆ ಇದು ಅಮೆರಿಕನ್ ಸೇನೆಯ ಕೈಯಲ್ಲಿತ್ತು. ಎಂಬತ್ತರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿದ್ದ ಅಮೆರಿಕನ್ ಸೈನಿಕರು ಎರಡು ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಎಷ್ಟೋ ಜನ ಇಪ್ಪತ್ತರ ಆಸುಪಾಸಿನ ಕಪ್ಪು ಹುಡುಗರು. ಸೋಲ್, ಫಂಕ್, ಹಿಪ್ ಹಾಪ್ ಸಂಗೀತ ಅವರ ಜೊತೆಯಲ್ಲೇ ಬಂತು. ಸೇನೆಯದೇ ರೇಡಿಯೊ ಇತ್ತು, ಎಎಫ್‌ಎನ್. ಅದನ್ನು ಊರಿನ ಜರ್ಮನ್ ಹುಡುಗರೂ ಹಾಕಿಕೊಂಡು ಕೇಳುತ್ತಿದ್ದರು.

ಆ ಸೈನಿಕರಲ್ಲಿ ಒಬ್ಬರು ಪಿಟ್ಸ್‌ಬರ್ಗ್‌ನ ಡರನ್ ಬಟ್ಲರ್. ಜಗತ್ತಿಗೆ ಅವರು ಟರ್ಬೊ ಬಿ.

ಅವರು ರ‍್ಯಾಪ್ ಮಾಡಿದ್ದು ಸ್ನ್ಯಾಪ್ ತಂಡಕ್ಕೆ. ಆ ತಂಡದ ಹಿಂದೆ ಇದ್ದವರು ಫ್ರಾಂಕ್‌ಫರ್ಟ್‌ನ ಇಬ್ಬರು ನಿರ್ಮಾಪಕರು, ಮಿಖಾಯೆಲ್ ಮ್ಯುನ್ಜಿಂಗ್ ಮತ್ತು ಲೂಕಾ ಅಂಜಿಲೊಟ್ಟಿ. 'ದಿ ಪವರ್' ಹಾಡಿನ ಮೊದಲ ರೂಪದಲ್ಲಿ ರ‍್ಯಾಪ್ ಟರ್ಬೊ ಬಿ ಅವರದ್ದಲ್ಲ, ನ್ಯೂಜೆರ್ಸಿಯ ಚಿಲ್ ರಾಬ್ ಜಿ ಅವರ ಹಾಡಿನಿಂದ ತೆಗೆದ ತುಣುಕು. ಆಮೇಲೆ ಹೊಸ ರೂಪಕ್ಕೆ ಟರ್ಬೊ ಬಿ ತಮ್ಮದೇ ರ‍್ಯಾಪ್ ಬರೆದು ಹೇಳಿದರು. ಪೆನ್ನಿ ಫೋರ್ಡ್ ಹಾಡಿದರು. 1990ರ ಮಾರ್ಚ್‌ನಲ್ಲಿ ಅದು ಬ್ರಿಟನ್‌ನಲ್ಲಿ ಹಾಡುಗಳ ಪಟ್ಟಿಯ ಒಂದನೇ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಎರಡನೇ ಸ್ಥಾನ. ತನ್ನ ದೇಶದ ಕಲೆಯನ್ನೇ ಹೊರದೇಶದಲ್ಲಿ ಕೂತು ಮಾಡಿ, ವಾಪಸ್ ಅಲ್ಲಿಗೇ ಕಳಿಸಿದ ಹಾಗಾಯಿತು.

ಹೆಡ್‌ಫೋನ್ ಹಾಕಿ ಒಮ್ಮೆ ರ‍್ಯಾಪ್ ಕಡೆಗೆ ಮಾತ್ರ ಗಮನ ಕೊಟ್ಟು ಕೇಳಿ. ವೇಗ ನಿಮಿಷಕ್ಕೆ ಸುಮಾರು 109 ಬೀಟ್. ಡ್ಯಾನ್ಸ್ ಹಾಡಿಗೆ ಇದು ನಿಧಾನ. ಹಿಪ್ ಹಾಪ್‌ನ ನಡಿಗೆ ಇದು, ಮಾತಿಗೆ ಜಾಗ ಇದೆ. ಟರ್ಬೊ ಬಿ ಅವಸರ ಮಾಡುವುದಿಲ್ಲ. ಒಂದೊಂದು ಮಾತೂ ಡ್ರಮ್ ಏಟಿನ ಮೇಲೇ ಬಂದು ಕೂರುತ್ತದೆ. ಇಂಗ್ಲಿಷ್ ಬಾರದವರೂ ಬಾಯಿ ಆಡಿಸಬಹುದು. ಮಿಲಾನ್, ಮ್ಯಾಡ್ರಿಡ್ ಕ್ಲಬ್‌ಗಳಿಗೆ ಬೇಕಿದ್ದದ್ದು ಇದೇ ಅಂತ ನನಗನ್ನಿಸುತ್ತದೆ.

1992ಕ್ಕೆ ಬನ್ನಿ. 'ರಿದಮ್ ಈಸ್ ಎ ಡ್ಯಾನ್ಸರ್'. ವೇಗ 124ಕ್ಕೆ ಏರಿದೆ. ಥಿಯಾ ಆಸ್ಟಿನ್ ದನಿ, ಆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ರಾಗ, ಇವೇ ಹಾಡನ್ನು ಹೊತ್ತು ನಡೆಯುತ್ತವೆ. ರ‍್ಯಾಪ್‌ಗೆ ಉಳಿದಿರುವುದು ಸ್ವಲ್ಪವೇ ಜಾಗ. ಬ್ರಿಟನ್‌ನಲ್ಲಿ ಆರು ವಾರ ಒಂದನೇ ಸ್ಥಾನ! ಆದರೆ ತಂಡದ ಮುಂದಿನ ಸಿಂಗಲ್‌ನಲ್ಲಿ ಟರ್ಬೊ ಬಿ ಇರಲಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ಹಾಡುಗಳು ನಿರ್ಮಾಪಕರ ಪ್ರಾಜೆಕ್ಟ್, ಮುಖಗಳು ಬದಲಾಗುತ್ತಾ ಹೋದವು. 'ದಿ ಪವರ್' ವಿಡಿಯೊದಲ್ಲೇ ನೋಡಿ: ಹಾಡಿದ್ದು ಪೆನ್ನಿ ಫೋರ್ಡ್, ಬಾಯಿ ಆಡಿಸಿದ್ದು ಇನ್ನೊಬ್ಬ ಹೆಂಗಸು.

ಆದರೂ ಅಚ್ಚು ಬಿದ್ದಾಗಿತ್ತು. ಹೆಣ್ಣು ದನಿಯಲ್ಲಿ ಕೋರಸ್, ಗಂಡು ದನಿಯಲ್ಲಿ ರ‍್ಯಾಪ್. 1993ರಲ್ಲಿ ಕಲ್ಚರ್ ಬೀಟ್ ತಂಡದ 'ಮಿಸ್ಟರ್ ವೇನ್' ಬಂತು. ಅಲ್ಲಿ ಟಾನಿಯಾ ಇವಾನ್ಸ್ ಹಾಡಿದರು, ಅಮೆರಿಕದ ಜೇ ಸುಪ್ರೀಮ್ ರ‍್ಯಾಪ್ ಮಾಡಿದರು. ಅದರ ನಿರ್ಮಾಪಕ ಟಾರ್ಸ್ಟೆನ್ ಫೆನ್ಸ್‌ಲಾವ್ ಡೋರಿಯನ್ ಗ್ರೇಯಲ್ಲೇ ಡಿಜೆ ಆಗಿದ್ದವರು. ಅದೇ ವರ್ಷ ನವೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಲಾ ಬೂಶ್ ತಂಡದ ಲೇನ್ ಮೆಕ್ರೇ ಅಮೆರಿಕನ್ ವಾಯುಪಡೆಯಲ್ಲಿದ್ದವರು. 'ದಿಸ್ ಬೀಟ್ ಈಸ್ ಹಾಟ್' ಮಾಡಿದ ಬಿ.ಜಿ. ದಿ ಪ್ರಿನ್ಸ್ ಆಫ್ ರ‍್ಯಾಪ್ ಸೇನೆಯವರು, 2023ರಲ್ಲಿ ನಮ್ಮನ್ನು ಅಗಲಿದರು. ಡ್ಯಾನ್ಸ್ ಸಂಗೀತದ ಚರಿತ್ರೆ ಹೇಳುವಾಗ ಸಿಂಥಸೈಜರ್ ಕಂಪನಿಗಳ ಹೆಸರು ಜನಕ್ಕೆ ಬಾಯಿಪಾಠ ಇರುತ್ತದೆ. ಈ ಹೆಸರುಗಳೂ ಇರಬೇಕು.

ಮುಂದಿನ ವಿಡಿಯೊಗೆ ನ್ಯೂರೆಂಬರ್ಗ್‌ಗೆ ಹೋಗುತ್ತೇನೆ. ಅಮೆರಿಕದ ನ್ಯೂಅರ್ಕ್‌ನಿಂದ ಸೈನಿಕರಾಗಿ ಅಲ್ಲಿಗೆ ಬಂದು, 1992ರಲ್ಲಿ 'ಮೋರ್ ಆ್ಯಂಡ್ ಮೋರ್' ಹಾಡಿನಿಂದ ಜರ್ಮನಿಯಲ್ಲಿ ಒಂದನೇ ಸ್ಥಾನ ಮುಟ್ಟಿದ ಕ್ಯಾಪ್ಟನ್ ಹಾಲಿವುಡ್ ಕತೆ ಅಲ್ಲಿದೆ.