ಬಿಚ್ಚಲು ಎರಡು ದಿನ, ಜೋಡಿಸಲು ಮೂರು ತಿಂಗಳು

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಲಾರಿಯೊಂದರ ಆರು ಸಿಲಿಂಡರ್ ಡೀಸೆಲ್ ಇಂಜಿನ್ ಬಿಚ್ಚಲು ನನಗೆ ಎರಡು ದಿನ ಸಾಕಾಯಿತು. ಜೋಡಿಸಲು ಮೂರು ತಿಂಗಳು ಹಿಡಿಯಿತು. ಮನೆಯಲ್ಲೇ ಈ ಕೆಲಸಕ್ಕೆ ಕೈ ಹಾಕುವವರು ಈ ಲೆಕ್ಕವನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಪಾನಾ ತಿರುಗಿಸುವುದು ಇದರಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಅಳೆಯುವುದು, ತೊಳೆಯುವುದು, ಗುರುತು ಹಾಕುವುದು.

ನಿಜವಾಗಿ ಬಿಚ್ಚಲೇಬೇಕಾ ಅಂತ ಮೊದಲು ನೋಡಿ. ಹೊಗೆ ನೀಲಿ ಇದ್ದರೆ ಆಯಿಲ್ ಸುಡುತ್ತಿದೆ. ಕಪ್ಪಗಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜಾಸ್ತಿಯಾಗಿದೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು, ಅಥವಾ ಡೀಸೆಲ್ ಪೂರ್ತಿ ಉರಿಯದೆ ಹೊರಬರುತ್ತಿರಬಹುದು. ಆಮೇಲೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ. ಎಲ್ಲ ಸಿಲಿಂಡರ್‌ಗಳೂ ಒಂದೇ ಸಮನೆ ಇಳಿದಿದ್ದರೆ ಅದು ವಯಸ್ಸಿನ ಸವೆತ. ಅಕ್ಕಪಕ್ಕದ ಎರಡು ಮಾತ್ರ ಇಳಿದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್‌ಗಳ ಮುಚ್ಚಳದ ಅಡಿಯ ಪಟ್ಟಿ, ಹೋಗಿರುವ ಸಾಧ್ಯತೆಯೇ ಹೆಚ್ಚು. ಅಷ್ಟಕ್ಕೆಲ್ಲ ಇಡೀ ಇಂಜಿನ್ ಇಳಿಸಿದರೆ ಸುಮ್ನೆ ಮೈನೋವು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್‌ನಿಂದ ಇವತ್ತಿನವರೆಗೂ ಉಪಾಯ ಒಂದೇ, ಗಾಳಿಯನ್ನು ಒತ್ತಿಯೇ ಕಾಯಿಸುವುದು. ಹಳೆಯ ಲಾರಿ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 16ರಿಂದ 18 ಪಾಲು ಜಾಗದ ಗಾಳಿಯನ್ನು ಒಂದೇ ಪಾಲಿಗೆ ಒತ್ತುತ್ತಾರೆ. ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಗಾಳಿ ಸೋರಿದರೆ ಅಷ್ಟು ಕಾವು ಏರುವುದಿಲ್ಲ. ಚಳಿಯ ಬೆಳಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಕೂತುಬಿಡುತ್ತದಲ್ಲ, ಎಷ್ಟೋ ಸಲ ಅದಕ್ಕೆ ಇದೇ ಕಾರಣ.

ಇಂಜಿನ್ ಎತ್ತುವಾಗ ಮಾತ್ರ ಧೈರ್ಯ ತೋರಿಸಬೇಡಿ. ಆರು ಸಿಲಿಂಡರ್‌ನದು ಅರ್ಧ ಟನ್ ಆಸುಪಾಸು ತೂಗುತ್ತದೆ. ಚೈನ್ ಪುಲ್ಲಿಯಲ್ಲಿ ನೇತಾಡುವಾಗ ಅದರ ಕೆಳಗೆ ಕೈಯೂ ಬೇಡ, ಕಾಲೂ ಬೇಡ.

ಈಗ ನನ್ನ ಪೆದ್ದುತನದ ಕತೆ. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಸೇರಿಸುವ ಕನೆಕ್ಟಿಂಗ್ ರಾಡ್ ಮತ್ತು ಅದನ್ನು ಅಲ್ಲಿ ಹಿಡಿದಿಡುವ ಕ್ಯಾಪ್ ಒಂದು ಜೋಡಿ. ಎರಡನ್ನೂ ಸೇರಿಸಿಟ್ಟೇ ತೂತು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಸಾಲಾಗಿ ಇಟ್ಟಿದ್ದೇನೆ, ನೆನಪಿರುತ್ತದೆ ಅಂದುಕೊಂಡು ಗುರುತು ಹಾಕಲಿಲ್ಲ. ಜೋಡಿಸುವಾಗ ನಾಲ್ಕನೆಯದರವರೆಗೂ ಕ್ರ್ಯಾಂಕ್ ಸಲೀಸಾಗಿ ತಿರುಗಿತು. ಐದನೆಯ ಕ್ಯಾಪ್ ಬಿಗಿ ಮಾಡಿದೆ ನೋಡಿ, ಕಲ್ಲಿನ ಹಾಗೆ ನಿಂತಿತು. ಬಿಚ್ಚಿ, ಕ್ಯಾಪ್‌ನ ಮಗ್ಗುಲಿನ ಕರಿ ಒರೆಸಿದರೆ ಅಲ್ಲಿ 6 ಅಂತ ಹೊಡೆದಿದೆ! ನಂಬರ್ ಮೊದಲಿಂದಲೂ ಅಲ್ಲೇ ಇತ್ತು. ನಾನು ಒರೆಸಿ ನೋಡಿರಲಿಲ್ಲ, ಅಷ್ಟೇ. ಆವತ್ತಿನಿಂದ ಪ್ರತಿ ಕ್ಯಾಪ್ ಬಿಗಿ ಮಾಡಿದ ಮೇಲೂ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿಯೇ ಮುಂದಿನದಕ್ಕೆ ಹೋಗುತ್ತೇನೆ.

ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ. ಮೆಟ್ಟಿಲಿನಂತೆ ಸಿಕ್ಕಿಕೊಂಡರೆ, ರಿಂಗ್ ಓಡಾಡಿದಷ್ಟು ಜಾಗ ಸವೆದಿದೆ ಅಂತ ಅರ್ಥ. ಎಷ್ಟು ಸವೆದಿದೆ ಅನ್ನುವುದನ್ನು ಬೋರ್ (ಸಿಲಿಂಡರಿನ ಒಳತೂತು) ಅಳೆಯುವ ಬೋರ್ ಗೇಜ್ ಹೇಳಬೇಕು. ಮೇಲೆ, ನಡುವೆ, ಕೆಳಗೆ ಅಳೆಯಬೇಕು, ಅದೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಯಾಕೆಂದರೆ ಅದು ಗುಂಡಗೆ ಸವೆಯುವುದಿಲ್ಲ. ಪಿಸ್ಟನ್ ಒರಗುವ ಕಡೆ ಜಾಸ್ತಿ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕ್ರ್ಯಾಂಕನ್ನು ಸಾಣೆ ಹಿಡಿಯುವ ಗ್ರೈಂಡಿಂಗ್, ಸಿಲಿಂಡರ್‌ಗಳಿರುವ ಬ್ಲಾಕನ್ನು ಕೊರೆಯುವ ಬೋರಿಂಗ್ ಮನೆಯಲ್ಲಿ ಆಗುವ ಕೆಲಸ ಅಲ್ಲ. ಮಷಿನ್ ಇರುವವರಿಗೆ ಕೊಡಿ. ಕ್ರ್ಯಾಂಕನ್ನು 0.25 ಮಿಲಿಮೀಟರ್ ಇಳಿಸಿದ್ದರೆ ಬೇರಿಂಗ್ ಕೂಡ ಅದೇ ಅಂಡರ್‌ಸೈಜ್‌ನದು ಬೇಕು.

ಹೊಸ ರಿಂಗನ್ನು ನೇರ ಪಿಸ್ಟನ್‌ಗೆ ಏರಿಸಬೇಡಿ. ಮೊದಲು ಖಾಲಿ ಬೋರ್‌ನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದಲೇ ಕೆಳಕ್ಕೆ ತಳ್ಳಿ. ಆಗ ಅದು ಓರೆಯಾಗದೆ ಕೂರುತ್ತದೆ. ಈಗ ರಿಂಗ್‌ನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ತಗಡು, ತೂರಿಸಿ. 100 ಮಿಲಿಮೀಟರ್ ಬೋರ್‌ಗೆ ಸುಮಾರು 0.3ರಿಂದ 0.4 ಮಿಲಿಮೀಟರ್ ಅನ್ನುವುದು ರೂಢಿಯ ಲೆಕ್ಕ. ಕೊನೆಯ ಮಾತು ಆ ಇಂಜಿನ್ನಿನ ಮ್ಯಾನ್ಯುಯಲ್‌ನದೇ. ಸಂದಿ ಸಾಲದಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಗುದ್ದಿಕೊಳ್ಳುತ್ತವೆ. ರಿಂಗ್ ಮುರಿಯುತ್ತದೆ, ಬೋರ್ ಗೀರಿಹೋಗುತ್ತದೆ.

ಹೋನಿಂಗ್, ಅಂದರೆ ಬೋರ್‌ನ ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಣ್ಣ ಗೀರು ಹಾಕುವುದು, ಆದ ಮೇಲಿನ ತೊಳೆತದಲ್ಲಿ ಬಹಳ ಜನ ಎಡವುತ್ತಾರೆ. ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಬಿಡುತ್ತಾರೆ. ಕಲ್ಲಿನ ನುಣ್ಣನೆಯ ಪುಡಿ ಆ ಗೀರುಗಳ ಒಳಗೆ ಕೂತಿರುತ್ತದೆ, ಎಣ್ಣೆಗೆ ಅದು ಬಿಟ್ಟುಬರುವುದಿಲ್ಲ. ಬೇಕಾದದ್ದು ಬಿಸಿನೀರು, ಸೋಪು, ಬ್ರಷ್ಷು. ಉಜ್ಜಿ, ಒಣಗಿಸಿ, ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ನಾನು ಐದು ಸಲ ತೊಳೆದೆ. ಐದನೆಯ ಸಲ ಬಟ್ಟೆ ಬೆಳ್ಳಗೆ ಬಂತು. ಕೂಡಲೇ ಆಯಿಲ್ ಸವರಬೇಕು, ತೊಳೆದ ಕಬ್ಬಿಣ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಹೆಡ್ ಬೋಲ್ಟ್ ಹಾಕುವ ಮುಂಚೆ ಬ್ಲಾಕಿನ ತೂತುಗಳನ್ನು ಒಣಗಿಸಿ. ತಳದಲ್ಲಿ ನೀರೋ ಆಯಿಲೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಬ್ಲಾಕೇ ಸೀಳಬಹುದು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ವ್ರೆಂಚಿನಲ್ಲಿ.

ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಂದಿ, ಹೊಂದಿಸಲು ಒಂದು ಹಳೆಯ ಉಪಾಯವಿದೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-5-3-6-2-4 ಇರುವ ಇಂಜಿನ್‌ನಲ್ಲಿ 6ನೆಯದರ ಎರಡು ವಾಲ್ವ್‌ಗಳೂ ತೂಗುತ್ತಿರುವಾಗ, ಅಂದರೆ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಿರುವಾಗ, 1ನೆಯದರವು ಪೂರ್ತಿ ಮುಚ್ಚಿರುತ್ತವೆ. ಆಗ 1ನ್ನು ಅಡ್ಜಸ್ಟ್ ಮಾಡಬಹುದು. ಹಾಗೆಯೇ 2ಕ್ಕೆ 5, 3ಕ್ಕೆ 4 ಜೋಡಿ.

ಸ್ಟಾರ್ಟ್ ಮಾಡುವ ದಿನ ಮೊದಲು ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದೆ. ಬಿಟ್ಟು ಬಿಟ್ಟು ಹೊಡೆದಂತೆ ಆಯಿಲ್ ಪ್ರೆಷರ್ ಮುಳ್ಳು ಮೆಲ್ಲಗೆ ಎದ್ದಿತು. ಆಮೇಲೆ ಡೀಸೆಲ್ ಬಿಟ್ಟೆ. ಕೈಯಲ್ಲಿ ಒಂದು ದಪ್ಪ ಹಲಗೆ ಹಿಡಿದಿದ್ದೆ. ಡೀಸೆಲ್ ಇಂಜಿನ್ ಕೆಲವೊಮ್ಮೆ ಹಿಡಿತ ತಪ್ಪಿ ತಾನೇ ತಾನಾಗಿ ಜೋರಾಗುತ್ತಾ ಹೋಗುತ್ತದೆ. ಆಗ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಿದರೆ ನಿಲ್ಲುತ್ತದೆ. ಎರಡು ಕೆಮ್ಮು, ಒಂದು ಮೋಡದಷ್ಟು ಬಿಳಿ ಹೊಗೆ, ಆಮೇಲೆ ಒಂದೇ ಸಮ ಸದ್ದು. ಮುಳ್ಳು ಅಲ್ಲಾಡದೆ ನಿಂತಿತು. ಡೀಸೆಲ್ ಪೈಪಿನ ಒಂದು ನಟ್‌ನಲ್ಲಿ ಹನಿ ಒಸರುತ್ತಿತ್ತು, ಇಂಜಿನ್ ನಿಲ್ಲಿಸಿ ಅದನ್ನು ಬಿಗಿ ಮಾಡಿದೆ. ಆಮೇಲೆ ಮನೆಯವರು ಬಂದು ಕೇಳಿದರು, “ಎಲ್ಲ ನಿಂತಾಯ್ತಲ್ಲ, ಆ ಹಲಗೆ ಯಾಕೆ ಇನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದೀರಿ?”

ನಮಸ್ಕಾರ.