ಅಕ್ಷರದ ಪಾದ, ಅಕ್ಷರದ ತಲೆಕಟ್ಟು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮಡಿಕೇರಿಗೆ ಬಂದು ಕೂತಿದ್ದೀರಿ, ಬಹಳ ಸಂತೋಷ.

ನಿಮ್ಮಲ್ಲಿ ಕೆಲವರ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಹಳೆಯ ಮರದ ಕಂಬಗಳಿವೆ. ಕೆಳಗೆ ಪೀಠ, ಮೇಲೆ ಬೋದಿಗೆ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಇಂಗ್ಲಿಷಿನ ದೊಡ್ಡ ‘ಐ’ ನೋಡಿ, ಅದೇ ಕಂಬ! ಗೆರೆ ಮುಗಿಯುವಲ್ಲಿ ಎರಡೂ ಬದಿಗೆ ಚಾಚಿಕೊಂಡ ಆ ಪುಟ್ಟ ಪಾದವೇ ಸೆರಿಫ್. ಕಂಬದ ಪೀಠ ಭಾರ ಹೊರುತ್ತದೆ. ಅಕ್ಷರಕ್ಕೆ ಪಾದ ಯಾಕೆ?

ರೋಮ್‌ನ ಟ್ರೇಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. 113ರ ಶಾಸನವಿದೆ. ಅದರ ಅಕ್ಷರಗಳಿಗೆ ಅಂದವಾದ ಪಾದಗಳಿವೆ. ಅದು ಉಳಿಯ ಗುರುತು ಎಂದೇ ಬಹಳ ಜನ ನಂಬಿದ್ದರು. ಬೋರ್ಡ್ ಬರೆದು ಕೈ ಪಳಗಿದ್ದ ಅಮೆರಿಕದ ಪಾದ್ರಿ ಎಡ್ವರ್ಡ್ ಕ್ಯಾಟಿಚ್ ಅದನ್ನು ಒಪ್ಪಲಿಲ್ಲ. ರೋಮನ್ನರು ಮೊದಲು ಚಪ್ಪಟೆ ಕುಂಚದಲ್ಲಿ ಕಲ್ಲಿನ ಮೇಲೆ ಬರೆದರು, ಆಮೇಲೆ ಅದರ ಮೇಲೇ ಕೆತ್ತಿದರು ಎಂದು 1968ರಲ್ಲಿ ವಾದಿಸಿದರು. ಇಗೋ, ಈ ಸ್ಲೇಟಿನ ಮೇಲೆ ಚಪ್ಪಟೆ ಕುಂಚವನ್ನು ನೀರಲ್ಲಿ ಅದ್ದಿ ಎಳೆಯುತ್ತೇನೆ. ಸುಮ್ಮನೆ ಎತ್ತಿದರೆ ಗೆರೆಯ ತುದಿ ಹರಿದಂತೆ ಉಳಿಯುತ್ತದೆ. ಎತ್ತುವ ಮುಂಚೆ ಕುಂಚವನ್ನು ಒಂಚೂರು ತಿರುಗಿಸಿದರೆ ತುದಿ ಸಾಪಾಗುತ್ತದೆ, ಪಾದವೂ ತಾನಾಗಿ ಮೂಡುತ್ತದೆ. ನನಗೆ ಕ್ಯಾಟಿಚ್ ಮಾತೇ ಸರಿ ಅನಿಸುವುದು ಇದನ್ನು ಕೈಯಾರೆ ಮಾಡಿ ನೋಡಿದ ಮೇಲೆ.

ವೆನಿಸ್‌ನಲ್ಲಿ 1470ರಲ್ಲಿ ಅಚ್ಚುಗಾರ ನಿಕೊಲಾಸ್ ಜೆನ್ಸನ್ ಈ ಪಾದಗಳನ್ನು ಅಚ್ಚಿನ ಸೀಸದ ಮೊಳೆಗೆ ತಂದ. ಆಗ ಕಾಗದವನ್ನು ತೇವ ಮಾಡಿಯೇ ಅಚ್ಚು ಹಾಕುತ್ತಿದ್ದರು. ಶಾಯಿ ಹರಡುತ್ತಿತ್ತು, ಹಾಗಾಗಿ ಪಾದ ಗಟ್ಟಿಯಾಗಿರಬೇಕಿತ್ತು. ಕಕ್ಕಡ ತಿಂಗಳ ಮಳೆಗೆ ನಮ್ಮ ಅಚ್ಚುಕೂಟದ ಕಾಗದ ತೇವ ಎಳೆದುಕೊಂಡಾಗ ಅಕ್ಷರ ದಪ್ಪಗಾಗುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬರ್ಮಿಂಗ್‌ಹ್ಯಾಮ್‌ನ ಅಚ್ಚುಗಾರ ಜಾನ್ ಬಾಸ್ಕರ್‌ವಿಲ್ ನನಗೆ ತುಂಬ ಪ್ರಿಯ. ಅವನು ಅಕ್ಷರ ಬರೆಯುವುದನ್ನು ಕಲಿಸಿದವನು, ಗೋರಿಕಲ್ಲು ಕೆತ್ತಿದವನು. ಅಚ್ಚಾದ ಹಾಳೆಯನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ನುಣುಪು ಮಾಡುತ್ತಿದ್ದ. ಶಾಯಿಯನ್ನೂ ತಾನೇ ಕಪ್ಪಾಗಿಸಿಕೊಂಡ. ಹಾಗಾಗಿ 1757ರ ಅವನ ಮೊದಲ ಪುಸ್ತಕದಲ್ಲಿ ಪಾದಗಳು ತೆಳ್ಳಗೆ, ಚೂಪಾಗಿ ನಿಂತವು. ಇದನ್ನು ಓದಿದರೆ ಕಣ್ಣು ಹೋಗುತ್ತದೆ ಎಂದು ಜನ ದೂರಿದರು. ಬೆಂಜಮಿನ್ ಫ್ರಾಂಕ್ಲಿನ್ ಹಾಗೆ ದೂರಿದ ಒಬ್ಬರ ಮುಂದೆ ಕ್ಯಾಸ್ಲನ್ ಎಂಬ ಇನ್ನೊಬ್ಬ ಮೊಳೆಗಾರನ ಅಕ್ಷರದ ಹಾಳೆ ಇಟ್ಟು, ಬಾಸ್ಕರ್‌ವಿಲ್‌ನದು ಅಂದರಂತೆ. ಅವರು ಅದರಲ್ಲೇ ತಪ್ಪು ಹುಡುಕಿ ತೋರಿಸಿದರು!

ಮುಂದೆ ಪಾರ್ಮಾದ ಅಚ್ಚುಗಾರ ಬೊಡೋನಿ, ಪ್ಯಾರಿಸ್‌ನ ದಿದೋ ಮನೆತನದವರು ಪಾದವನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿದರು. ಚೆಂದ ನಿಜ, ಆದರೆ ಮೊಳೆ ಜೋಡಿಸುವವನಿಗೆ ಗೊತ್ತು ಅದರ ಕಷ್ಟ. ನಾನು ಕಲಿತಲ್ಲಿ ಅಂಥ ತೆಳುಪಾದದ ಸವೆದ ಮೊಳೆಗಳಿದ್ದವು. ಒಂದು ಮದುವೆ ಕಾಗದದಲ್ಲಿ ‘ಎಚ್’ ಒಂದು ಕಾಲಿನ ಪಾದ ಮುರಿದುಕೊಂಡು ಕುಂಟಿತು. ಹುಡುಗಿಯ ಅಪ್ಪ ಬೆರಳಿಟ್ಟು ತೋರಿಸಿದರು. ಅಷ್ಟೂ ಕಾಗದ ಮತ್ತೆ ಅಚ್ಚು ಹಾಕಿಕೊಟ್ಟೆವು.

ಇನ್ನು ನಮ್ಮ ಅಕ್ಷರ. ಮಡಿಕೇರಿಯಲ್ಲಿ ಶಾಲೆ ನಡೆಸಿದ ರಿಕ್ಟರ್ ಪಾದ್ರಿಗಳ ಕೊಡಗಿನ ಪುಸ್ತಕ 1870ರಲ್ಲಿ ಘಟ್ಟ ಇಳಿದು ಮಂಗಳೂರಿನಲ್ಲಿ ಹೊರಬಂತು. ಅಲ್ಲಿನ ಬಾಸೆಲ್ ಮಿಷನ್ನಿನವರು ಇಂಗ್ಲಿಷನ್ನೂ ಕನ್ನಡವನ್ನೂ ಅಚ್ಚು ಹಾಕುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣಿಗೆ ನಮ್ಮ ತಲೆಕಟ್ಟೇ ಸೆರಿಫ್ ಅನಿಸಬಹುದು. ಹಾಗಲ್ಲ. ‘ಐ’ಯ ಪಾದ ಕತ್ತರಿಸಿದರೂ ಅದು ‘ಐ’ಯೇ. ‘ಕ’ದ ತಲೆಕಟ್ಟು ತೆಗೆದು ಗುಡಿಸು ಹಾಕಿದರೆ ‘ಕಿ’ ಆಗುತ್ತದೆ. ತಲೆಕಟ್ಟಿಗೆ ಉಚ್ಚಾರವಿದೆ, ಸೆರಿಫ್‌ಗೆ ಇಲ್ಲ. ‘ಬ’, ‘ಜ’, ‘ಣ’ಗಳಿಗಂತೂ ತಲೆಕಟ್ಟೇ ಇಲ್ಲ. ನೋಟೊ ಸೆರಿಫ್ ಕನ್ನಡ ಫಾಂಟ್ ತೆರೆದು ನೋಡಿ. ರೋಮನ್ ಪಾದ ಎಲ್ಲೂ ಕಾಣದು, ಗೆರೆಯ ದಪ್ಪ-ತೆಳುವಿನಲ್ಲೇ ಆ ಗುಣ ತಂದಿದ್ದಾರೆ. ಅದು ಸರಿಯಾದ ದಾರಿ. ನಮ್ಮ ದುಂಡು ಅಕ್ಷರ ಓಲೆಗರಿಯ ಮೇಲೆ ಕಂಟ ಎಂಬ ಚೂಪು ಕಡ್ಡಿಯಲ್ಲಿ ಬರೆದು ಬಂದದ್ದು, ಅಲ್ಲಿ ತಿರುಗಿಸಲು ಚಪ್ಪಟೆ ಕುಂಚ ಇರಲಿಲ್ಲ. ಹೊಸ ಫಾಂಟ್ ಮಾಡುವ ಮಕ್ಕಳು ‘ಗ’ಕ್ಕೆ, ‘ರ’ಕ್ಕೆ ರೋಮನ್ ಪಾದ ಅಂಟಿಸಿದ್ದು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎರಡು ಮೊಳೆ ತಂದಿದ್ದೇನೆ, ಒಂದು ‘ಎಚ್’, ಒಂದು ‘ಕ’. ಮುಂದಿನ ಸಾಲಿನವರು ತಗೊಳ್ಳಿ. ಉಲ್ಟಾ ಕಾಣುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಹಿಂದಿನವರಿಗೂ ದಾಟಿಸಿ.